ಕಡಗ ಹಿಂದಿರುಗುವ ದಿನ

ನಾನು ಬರೆಯುತ್ತಿರುವ ಕಥೆಯ ಮೂರನೇ ಅಧ್ಯಾಯದ ಕೊನೆಯಲ್ಲಿ ದಂಡನಾಯಕ ತೀರಿಕೊಂಡ. ಅವನು ಸಾಯುತ್ತಾನೆ ಅಂತ ನನಗೆ ಮೊದಲಿಂದಲೂ ಗೊತ್ತಿತ್ತು. ನಾಲ್ಕನೇ ಅಧ್ಯಾಯ ಶುರುವಾಗುವುದು ದರ್ಬಾರಿನಲ್ಲಿ. ಸಿಂಹಾಸನದ ಬಲಗಡೆ ಮೂರನೇ ಆಸನ ಅವನದು. ಒಬ್ಬೊಬ್ಬರೇ ಬಂದು ತಮ್ಮ ತಮ್ಮ ಜಾಗದಲ್ಲಿ ಕೂತರು. ಆ ಆಸನದ ಹತ್ತಿರ ಬಂದಾಗ ನನ್ನ ಪೆನ್ನು ನಿಂತುಬಿಟ್ಟಿತು. ಈಗ ಅಲ್ಲಿ ಯಾರು ಕೂರಬೇಕು?

ಮಗನನ್ನು ಕೂರಿಸೋಣ ಅಂದರೆ ಅವನು ಯುದ್ಧವನ್ನೇ ನೋಡಿದವನಲ್ಲ. ಉಪನಾಯಕನನ್ನು ಕೂರಿಸೋಣ ಅಂದರೆ ಅವನಿಗೆ ದಂಡಿನ ಕೆಲಸ ಸಿಗಬಹುದು, ಆದರೆ ಸತ್ತವನ ಬಿರುದು ಕೂಡ ಸಿಗುತ್ತಾ? ರಾಜ ಹಿಂದೆ ಕೊಟ್ಟಿದ್ದ ಹಳ್ಳಿಗಳ ಕಂದಾಯ ನಾಳೆಯಿಂದ ಯಾರ ಮನೆಗೆ ಹೋಗಬೇಕು? ಹೆಂಡತಿಯನ್ನು ಜನ ಇನ್ನು ಮುಂದೆ ಏನಂತ ಕರೆಯಬೇಕು? ಒಂದಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ.

ಹಲವು ವರ್ಷಗಳಿಂದ ನಾನೊಂದು ಕಲ್ಪನೆಯ ರಾಜ್ಯವನ್ನು ಕಟ್ಟುತ್ತಿದ್ದೇನೆ. ಅದಕ್ಕಿನ್ನೂ ಹೆಸರಿಟ್ಟಿಲ್ಲ. ಎರಡು ನದಿ, ಮೂರು ಕೋಟೆ, ಮುನ್ನೂರು ವರ್ಷದ ರಾಜವಂಶ, ಇಷ್ಟು ಇದೆ. ಬಿರುದುಗಳ ಪಟ್ಟಿಯನ್ನಂತೂ ಮೊದಲ ವಾರದಲ್ಲೇ ಬರೆದಿದ್ದೆ. ಏಣಿಯ ಹಾಗೆ ಏಳು ಮೆಟ್ಟಿಲು. ಮೇಲೆ ರಾಜ, ಕೆಳಗೆ ಹಳ್ಳಿಯ ಪಟೇಲ. ಪ್ರತಿ ಮೆಟ್ಟಿಲಿಗೆ ಒಂದು ಬಣ್ಣದ ಪೇಟ, ಒಂದು ಲಾಂಛನ. ನೋಡೋಕೆ ಚಂದ ಇತ್ತು. ಒಬ್ಬ ಮನುಷ್ಯ ಸತ್ತ ಕೂಡಲೇ ಅದರಿಂದ ಏನೂ ಉಪಯೋಗ ಇಲ್ಲ ಅಂತ ಗೊತ್ತಾಯಿತು. ನಾನು ಬರೆದದ್ದು ಪಟ್ಟಿ ಮಾತ್ರ, ವ್ಯವಸ್ಥೆ ಅಲ್ಲ.

ಆವತ್ತು ಆಸನ ಖಾಲಿ ಬಿಟ್ಟೆ. ಆಮೇಲೆ ತಿಂಗಳುಗಟ್ಟಲೆ ಕಥೆ ಬರೆಯಲಿಲ್ಲ. ನಿಜವಾದ ರಾಜ್ಯಗಳಲ್ಲಿ ಈ ಆಸನಕ್ಕೆ ಏನಾಗುತ್ತಿತ್ತು ಅಂತ ಓದುತ್ತಾ ಹೋದೆ. ಮರ್ಯಾದೆ ಕೊಡುವುದು ಯಾವ ರಾಜನಿಗೂ ಕಷ್ಟ ಆಗಿಲ್ಲ. ಕೊಟ್ಟ ಮರ್ಯಾದೆ ಒಂದು ದಿನ ಹೇಗೆ ಮುಗಿಯಬೇಕು ಅನ್ನೋದನ್ನು ಮೊದಲೇ ಯೋಚಿಸಿದವರು ಮಾತ್ರ ತೀರಾ ಕಡಿಮೆ. ಈ ಬರಹ ಪೂರ್ತಿ ಆ ವಿಷಯದ್ದೇ.

ಮೊದಲು ನಾನು ಮಾಡಿದ್ದ ಒಂದು ತಪ್ಪು ಹೇಳಬೇಕು. ಮೂರು ಬೇರೆ ಬೇರೆ ವಸ್ತುಗಳನ್ನು ನಾನು ಒಂದೇ ಗಂಟಿನಲ್ಲಿ ಕಟ್ಟಿದ್ದೆ. ಕನ್ನಡದಲ್ಲಿ ಅವಕ್ಕೆ ಮೂರು ಒಳ್ಳೆಯ ಮಾತುಗಳೇ ಇವೆ. ಪದವಿ ಅಂದರೆ ಮಾಡುವ ಕೆಲಸ, ಅದರ ಅಧಿಕಾರ. ಬಿರುದು ಅಂದರೆ ಹೆಸರಿನ ಜೊತೆ ಬರುವ ಮನ್ನಣೆ. ಉಂಬಳಿ ಅಂದರೆ ಬದುಕೋಕೆ ಬಿಟ್ಟುಕೊಟ್ಟ ಭೂಮಿ. ದಂಡನಾಯಕ ಬದುಕಿದ್ದಾಗ ಮೂರೂ ಒಬ್ಬನಲ್ಲೇ ಇದ್ದವು, ಹಾಗಾಗಿ ಒಂದೇ ಅನ್ನಿಸುತ್ತಿದ್ದವು. ಅವನು ಸತ್ತ ಮೇಲೆ ಮೂರೂ ಮೂರು ದಿಕ್ಕಿಗೆ ಹೋಗಬೇಕು. ಪದವಿ ಇನ್ನೊಬ್ಬ ಸಮರ್ಥನಿಗೆ. ಉಂಬಳಿ ರಾಜ್ಯಕ್ಕೋ, ಮನೆಯವರಿಗೋ. ಬಿರುದು? ಅದೇ ನಿಜವಾದ ತೊಡಕು. ಅದು ಯಾರದು?

ಮೊಘಲರು ಈ ಗಂಟನ್ನು ಬಿಡಿಸಿದ ರೀತಿ ನೋಡಿದರೆ ಆಶ್ಚರ್ಯ ಆಗುತ್ತದೆ. ಅಕ್ಬರನ ಕಾಲದಲ್ಲಿ, 1570ರ ದಶಕದಲ್ಲಿ, ಮನ್ಸಬ್ದಾರಿ ಪದ್ಧತಿ ರೂಪುಗೊಂಡಿತು. ಪ್ರತಿಯೊಬ್ಬ ಅಧಿಕಾರಿಗೂ ಒಂದು ಸಂಖ್ಯೆ. ಮುಂದೆ ಅದು ಎರಡು ಸಂಖ್ಯೆ ಆಯಿತು. ಝಾತ್ ಅನ್ನುವುದು ಅವನ ಸ್ವಂತ ದರ್ಜೆ ಮತ್ತು ಸಂಬಳ ಹೇಳುತ್ತಿತ್ತು. ಸವಾರ್ ಅನ್ನುವುದು ಅವನು ಎಷ್ಟು ಕುದುರೆ ಸವಾರರನ್ನು ಇಟ್ಟುಕೊಳ್ಳಬೇಕು ಅನ್ನೋದನ್ನು. ಸಂಬಳದ ಬದಲು ಹೆಚ್ಚಿನವರಿಗೆ ಜಾಗೀರು ಸಿಗುತ್ತಿತ್ತು. ಅಂದರೆ ಒಂದು ಪ್ರದೇಶದ ಕಂದಾಯ ವಸೂಲಿ ಮಾಡಿಕೊಳ್ಳುವ ಹಕ್ಕು. ಆ ಜಾಗೀರೂ ಒಂದೇ ಕಡೆ ಇರುತ್ತಿರಲಿಲ್ಲ. ಸಾಮಾನ್ಯವಾಗಿ ಮೂರು ನಾಲ್ಕು ವರ್ಷಕ್ಕೊಮ್ಮೆ ವರ್ಗಾವಣೆ. ಯಾರೂ ಒಂದೂರಲ್ಲಿ ಬೇರು ಬಿಡಬಾರದು ಅಂತ.

ಮನ್ಸಬು, ಅಂದರೆ ಈ ದರ್ಜೆ, ವಂಶಪಾರಂಪರ್ಯ ಅಲ್ಲ. ದೊಡ್ಡ ಅಮೀರ, ಅಂದರೆ ಮೇಲ್ದರ್ಜೆಯ ಅಧಿಕಾರಿ, ಸತ್ತರೆ ಅವನ ದರ್ಜೆ ಅಲ್ಲಿಗೆ ಮುಗಿಯಿತು. ಆಸ್ತಿಯ ಮೇಲೂ ಬಾದಶಹ ಕೈ ಇಡಬಹುದಿತ್ತು. ಮಗನಿಗೆ ಮನ್ಸಬು ಸಿಗುತ್ತಿತ್ತು, ಆದರೆ ಅಪ್ಪನದಲ್ಲ. ಸಾಮಾನ್ಯವಾಗಿ ಅಪ್ಪನಿಗಿಂತ ಚಿಕ್ಕದು. ಅಲ್ಲಿಂದ ಅವನು ತಾನೇ ಮೇಲೆ ಬರಬೇಕು.

ಓದಿದಾಗ ಇದೇ ಸರಿ ಅನ್ನಿಸಿತು. ಎರಡು ದಿನ ನನ್ನ ರಾಜ್ಯಕ್ಕೂ ಇದನ್ನೇ ಹಾಕಿ ನೋಡಿದೆ. ಆದರೆ ಮುಂದಿನದನ್ನೂ ಓದಬೇಕಲ್ವಾ. ಔರಂಗಜೇಬ 1686ರಲ್ಲಿ ಬಿಜಾಪುರವನ್ನೂ 1687ರಲ್ಲಿ ಗೋಲ್ಕೊಂಡವನ್ನೂ ಗೆದ್ದ. ಸೋತ ಕಡೆಯ ಸರದಾರರನ್ನು ಒಲಿಸಿಕೊಳ್ಳಬೇಕಾಯಿತು. ಅವರಿಗೆಲ್ಲ ಮನ್ಸಬು ಕೊಟ್ಟ. ಸಂಖ್ಯೆ ಕೊಡುವುದಕ್ಕೆ ಕಾಗದ ಸಾಕು. ಜಾಗೀರು ಕೊಡುವುದಕ್ಕೆ ನೆಲ ಬೇಕು. ಕೈಯಲ್ಲಿ ಸನ್ನದು ಇದೆ, ಹೊಟ್ಟೆಗೆ ಜಾಗೀರಿಲ್ಲ ಅನ್ನುವ ಸ್ಥಿತಿಗೆ ಎಷ್ಟೋ ಜನ ಬಂದರು. ಜಾಗೀರಿಗಾಗಿ ಕಾಯುವುದೇ ವರ್ಷಗಟ್ಟಲೆ. ಕೊಡುವ ಕೈ ಮಿತಿ ಮರೆತರೆ ಎಷ್ಟು ಗಟ್ಟಿ ವ್ಯವಸ್ಥೆಯೂ ಸಡಿಲ ಆಗುತ್ತದೆ.

ಇಂಗ್ಲೆಂಡಿನಲ್ಲಿ ಇದೇ ಸಡಿಲಿಕೆ ಇನ್ನೊಂದು ದಾರಿಯಲ್ಲಿ ಬಂತು. 1611ರಲ್ಲಿ ಒಂದನೇ ಜೇಮ್ಸ್ ಬ್ಯಾರನೆಟ್ ಅನ್ನುವ ಹೊಸ ದರ್ಜೆಯನ್ನೇ ಹುಟ್ಟಿಸಿದ. ಅದು ಅಪ್ಪನಿಂದ ಮಗನಿಗೆ ಇಳಿಯುವ ಬಿರುದು. ಅದಕ್ಕೆ ಕಟ್ಟಬೇಕಾಗಿದ್ದ ಹಣ 1,095 ಪೌಂಡ್. ಈ ಸಂಖ್ಯೆ ಯಾಕೆ ಇಷ್ಟು ವಿಚಿತ್ರವಾಗಿದೆ ಅಂತ ನಾನು ಲೆಕ್ಕ ಹಾಕಿ ನೋಡಿದೆ. ಐರ್ಲೆಂಡಿನ ಅಲ್‌ಸ್ಟರ್‌ನಲ್ಲಿ ಮೂವತ್ತು ಸೈನಿಕರನ್ನು ಮೂರು ವರ್ಷ ಸಾಕುವ ಖರ್ಚು ಅದು. ಒಬ್ಬ ಸೈನಿಕನಿಗೆ ದಿನಕ್ಕೆ 8 ಪೆನ್ಸ್. ಮೂವತ್ತು ಜನ, ವರ್ಷಕ್ಕೆ 365 ದಿನ, ಮೂರು ವರ್ಷ. ಗುಣಿಸಿದರೆ 2,62,800 ಪೆನ್ಸ್. ಆಗ 240 ಪೆನ್ಸ್‌ಗೆ ಒಂದು ಪೌಂಡ್. ಭಾಗಿಸಿ ನೋಡಿ, ಸರಿಯಾಗಿ 1,095 ಬರುತ್ತದೆ. ಒಂದು ಪೈಸೆ ಹೆಚ್ಚಿಲ್ಲ, ಕಡಿಮೆ ಇಲ್ಲ.

ಆ ಲೆಕ್ಕ ಕೂಡಿದ ಕ್ಷಣ ನನಗೆ ಇನ್ನೂ ನೆನಪಿದೆ. ಒಂದು ಮನೆತನದ ಗೌರವದ ಹಿಂದೆ ಮೂವತ್ತು ಸೈನಿಕರ ದಿನಗೂಲಿ ಇತ್ತು. ಮೊದಲಿಗೆ ಇನ್ನೂರು ಜನರಿಗೆ ಮಾತ್ರ ಅಂತ ಮಾತು ಕೊಟ್ಟಿದ್ದರು. ಆ ಮಾತು ಉಳಿಯಲಿಲ್ಲ. ಹೆಚ್ಚು ಮಾರಿದ ಹಾಗೆ ಬೆಲೆ ಇಳಿಯಿತು.

ಜೇಮ್ಸ್‌ನ ಮಗ ಒಂದನೇ ಚಾರ್ಲ್ಸ್ ಇದನ್ನು ತಿರುಗುಮುರುಗು ಮಾಡಿದ. ಭೂಮಿಯಿಂದ ವರ್ಷಕ್ಕೆ 40 ಪೌಂಡ್ ಹುಟ್ಟುವಳಿ ಇರುವವರೆಲ್ಲ ಪಟ್ಟಾಭಿಷೇಕದ ಹೊತ್ತಿಗೆ ಬಂದು ನೈಟ್ ಬಿರುದು ಪಡೆಯಬೇಕು ಅನ್ನುವ ಹಳೇ ಕಾನೂನೊಂದು ಇತ್ತು. ಬಹಳ ಕಾಲ ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಸಂಸತ್ತನ್ನು ಕರೆಯದೆ ಹಣ ಎತ್ತಬೇಕಾಗಿದ್ದ ಚಾರ್ಲ್ಸ್ ಅದನ್ನು ಹೊರತೆಗೆದ. 1630ರಿಂದ, ನೀವು ಯಾಕೆ ಬಂದು ಮನ್ನಣೆ ಪಡೆಯಲಿಲ್ಲ ಅಂತ ಜನರಿಗೆ ದಂಡ ಹಾಕಿದ. ಅಪ್ಪ ಮರ್ಯಾದೆ ಕೊಟ್ಟು ದುಡ್ಡು ತೆಗೆದುಕೊಂಡ, ಮಗ ಮರ್ಯಾದೆ ಬೇಡ ಅಂದವರಿಂದ ತೆಗೆದುಕೊಂಡ. 1641ರಲ್ಲಿ ಸಂಸತ್ತು ಇದನ್ನು ನಿಲ್ಲಿಸಿತು. ಒಂದು ರಾಜ್ಯದಲ್ಲಿ ಬಿರುದಿನ ಮೇಲೆ ಜನರ ನಂಬಿಕೆ ಹೇಗೆ ಹೋಗುತ್ತದೆ ಅಂತ ಯಾರಾದರೂ ಕೇಳಿದರೆ ನಾನು ಈ ಅಪ್ಪ ಮಗನ ಕಥೆಯನ್ನೇ ಹೇಳುತ್ತೇನೆ.

ಅದೇ ದೇಶದಲ್ಲಿ ಮಿತಿ ಕಾಪಾಡಿಕೊಂಡ ಉದಾಹರಣೆಯೂ ಇದೆ. ಮೂರನೇ ಎಡ್ವರ್ಡ್ 1348ರ ಸುಮಾರಿಗೆ ಗಾರ್ಟರ್ ಅನ್ನುವ ನೈಟ್‌ಗಳ ಕೂಟ ಕಟ್ಟಿದ. ರಾಜ ಮತ್ತು ಯುವರಾಜರನ್ನು ಬಿಟ್ಟರೆ ಇಪ್ಪತ್ತನಾಲ್ಕು ಜನ. ಒಬ್ಬರು ಹೋದರೆ ಮಾತ್ರ ಇನ್ನೊಬ್ಬರಿಗೆ ಜಾಗ. 1902ರಲ್ಲಿ ಶುರುವಾದ ಆರ್ಡರ್ ಆಫ್ ಮೆರಿಟ್ ಅನ್ನುವ ಗೌರವಕ್ಕೂ ಇಪ್ಪತ್ತನಾಲ್ಕರದೇ ಮಿತಿ. ಗಾರ್ಟರ್‌ನಲ್ಲಿ ನನ್ನ ಮನಸ್ಸು ಹಿಡಿದ ಸಂಗತಿ ಬೇರೆ. ಪಡೆದವರು ತೀರಿಕೊಂಡ ಮೇಲೆ ಅದರ ಲಾಂಛನಗಳನ್ನು ಮನೆಯವರು ಅರಮನೆಗೆ ಹಿಂದಿರುಗಿಸಬೇಕು. ಅವು ಮನೆಯ ಗಾಜಿನ ಕಪಾಟಿನಲ್ಲಿ ಉಳಿಯುವುದಿಲ್ಲ. ಈ ಒಂದು ಸಾಲನ್ನು ನೋಟ್‌ಬುಕ್ಕಿನಲ್ಲಿ ಬರೆದು ಸುತ್ತ ಚೌಕ ಹಾಕಿದೆ. ಅದರ ಕಥೆ ಆಮೇಲೆ ಹೇಳುತ್ತೇನೆ.

ನನ್ನನ್ನು ಜಾಸ್ತಿ ದಿನ ಹಿಡಿದಿಟ್ಟುಕೊಂಡದ್ದು ರಷ್ಯಾ. 1722ರಲ್ಲಿ ಪೀಟರ್ ದೊರೆ ದರ್ಜೆಗಳ ಒಂದು ಪಟ್ಟಿ ಹೊರಡಿಸಿದ. ಹದಿನಾಲ್ಕು ಮೆಟ್ಟಿಲು. ಸೇನೆ, ಆಡಳಿತ, ಅರಮನೆ ಮೂರಕ್ಕೂ ಸಮಾನವಾಗಿ ಹೊಂದಿಸಿದ ಮೆಟ್ಟಿಲು. ಹುಟ್ಟಿನಿಂದ ದೊಡ್ಡವನಾದರೂ ಸೇವೆ ಮಾಡದೆ ಮೇಲೇರುವ ಹಾಗಿಲ್ಲ. ಹುಟ್ಟಿನಿಂದ ಸಣ್ಣವನಾದರೂ ಸೇವೆ ಮಾಡಿದರೆ ಏರಬಹುದು. ಸೇನೆಯಲ್ಲಿ ಹದಿನಾಲ್ಕನೇ ಮೆಟ್ಟಿಲು, ಅಂದರೆ ತೀರಾ ಕೆಳಗಿನ ಅಧಿಕಾರಿ ದರ್ಜೆ, ಮುಟ್ಟಿದರೇ ವಂಶಪೂರ್ತಿ ಕುಲೀನ. ಆಡಳಿತದಲ್ಲಿ ಎಂಟನೇ ಮೆಟ್ಟಿಲು ಮುಟ್ಟಬೇಕು. ಕರೆಯುವ ಮಾತು ಕೂಡ ಮೆಟ್ಟಿಲಿಗೆ ತಕ್ಕ ಹಾಗೆ ಬದಲಾಗುತ್ತಿತ್ತು. ಕೆಳಗಿನವರಿಗೆ ಒಂದು ಸಂಬೋಧನೆ, ನಡುವಿನವರಿಗೆ ಇನ್ನೊಂದು, ತುತ್ತತುದಿಯ ಎರಡು ಮೆಟ್ಟಿಲಿನವರಿಗೆ ಮತ್ತೊಂದು. ತಪ್ಪಿ ಕರೆದರೆ ಅದೇ ಅವಮಾನ.

ಇಷ್ಟು ತೆರೆದ ಬಾಗಿಲು ಆಮೇಲೆ ಏನಾಯಿತು ನೋಡಿ. 1845ರಲ್ಲಿ ಆಡಳಿತದವರಿಗೆ ಹೊಸ್ತಿಲು ಎಂಟರಿಂದ ಐದಕ್ಕೆ ಏರಿತು. ಸೇನೆಯವರಿಗೆ ಹದಿನಾಲ್ಕರಿಂದ ಎಂಟಕ್ಕೆ. 1856ರಲ್ಲಿ ಮತ್ತೆ ಏರಿ, ಆಡಳಿತದಲ್ಲಿ ನಾಲ್ಕು, ಸೇನೆಯಲ್ಲಿ ಆರು ಆಯಿತು. ಒಳಗೆ ಬಂದವರ ಮಕ್ಕಳು ಮೊಮ್ಮಕ್ಕಳು ಒಳಗೇ ಉಳಿಯುತ್ತಾರೆ. ಒಳಗೆ ಜಾಗ ಸಾಲದು. ಆಗ ಹೊರಗಿನವರಿಗೆ ಹೊಸ್ತಿಲು ಎತ್ತರ ಮಾಡುತ್ತಾರೆ. ಬಿರುದು ಮುಗಿಯುವ ದಾರಿ ಇಲ್ಲದಿದ್ದರೆ ಬಿರುದು ಸಿಗುವ ದಾರಿ ಮುಚ್ಚಿಕೊಳ್ಳುತ್ತಾ ಹೋಗುತ್ತದೆ.

ಆ ಏಣಿಯನ್ನು ಕಷ್ಟಪಟ್ಟು ಹತ್ತಿದವರಲ್ಲಿ ಒಬ್ಬರು ಇಲ್ಯಾ ಉಲ್ಯಾನೊವ್. ಒಬ್ಬ ದರ್ಜಿಯ ಮಗ. ಶಾಲೆಗಳ ಇಲಾಖೆಯಲ್ಲಿ ದುಡಿದು ದುಡಿದು 1880ರ ದಶಕದ ಹೊತ್ತಿಗೆ ವಂಶಪಾರಂಪರ್ಯ ಕುಲೀನತನ ಪಡೆದರು. ಅದು ಅವರ ಮಕ್ಕಳಿಗೂ ಬಂತು. ಆ ಮಕ್ಕಳಲ್ಲಿ ಒಬ್ಬನನ್ನು ಲೋಕ ಲೆನಿನ್ ಅಂತ ಕರೆಯಿತು. 1917ರ ನವೆಂಬರಿನಲ್ಲಿ ಅವನ ಸರ್ಕಾರ ಕುಲೀನತನ, ಬಿರುದು, ದರ್ಜೆ ಎಲ್ಲವನ್ನೂ ಒಂದೇ ಆಜ್ಞೆಯಲ್ಲಿ ತೆಗೆದುಹಾಕಿತು. ತಂದೆ ಒಂದು ಜೀವಮಾನ ಸವೆಸಿ ಹತ್ತಿದ್ದನ್ನು ಮಗ ಒಂದು ಕಾಗದದಲ್ಲಿ ಅಳಿಸಿದ. ಇಲ್ಯಾ ಆ ಹೊತ್ತಿಗೆ ತೀರಿಹೋಗಿ ಮೂವತ್ತು ವರ್ಷ ದಾಟಿತ್ತು. ಬದುಕಿದ್ದಿದ್ದರೆ ಅವರಿಗೆ ಏನನ್ನಿಸುತ್ತಿತ್ತು ಅಂತ ನಾನು ತುಂಬ ಸಲ ಯೋಚಿಸಿದ್ದೇನೆ. ನನ್ನ ಕಥೆಯ ಮಂತ್ರಿಗೆ ಶಾಲಾ ಮೇಷ್ಟರ ಹಿನ್ನೆಲೆ ಬಂದದ್ದು ಆ ಯೋಚನೆಯಿಂದಲೇ.

ಹಾಗಾದರೆ ಬಿರುದು ಪೂರ್ತಿ ಶಾಶ್ವತವೂ ಅಲ್ಲ, ಒಂದೇ ಏಟಿಗೆ ಮುಗಿಯುವುದೂ ಅಲ್ಲ ಅನ್ನುವಂಥ ನಡುದಾರಿ ಇದೆಯಾ? ಇದೆ. ಚೀನಾದ ಚಿಂಗ್ ವಂಶದ ಪದ್ಧತಿ ಅದು. ರಾಜಕುಟುಂಬದವನ ಬಿರುದು ಮಗನಿಗೆ ಬರುತ್ತದೆ, ಆದರೆ ಒಂದು ಮೆಟ್ಟಿಲು ಕೆಳಗಿನದು. ಮೊಮ್ಮಗನಿಗೆ ಇನ್ನೊಂದು ಮೆಟ್ಟಿಲು ಕೆಳಗಿನದು. ಅಜ್ಜನ ಹೆಸರು ಮನೆಯಲ್ಲಿ ನಿಧಾನಕ್ಕೆ ಕರಗುತ್ತದೆ, ದೀಪದ ಎಣ್ಣೆ ಹಾಗೆ. ಎಣ್ಣೆ ಹಾಕಬೇಕು ಅಂದರೆ ಮನೆಯಲ್ಲಿ ಇನ್ನೊಬ್ಬ ಕೆಲಸ ಮಾಡಿ ತೋರಿಸಬೇಕು. ಇದಕ್ಕೆ ಹೊರತಾದ ಕೆಲವೇ ಮನೆಗಳಿದ್ದವು. ಅವರ ಬಿರುದು ಇಳಿಯುತ್ತಿರಲಿಲ್ಲ. ಅವರನ್ನು ಕಬ್ಬಿಣದ ಟೋಪಿಯ ರಾಜಕುಮಾರರು ಅಂತ ಕರೆಯುತ್ತಿದ್ದರು. ಮೊದಲಿಗೆ ಎಂಟು ಮನೆ, ವಂಶ ಮುಗಿಯುವ ಹೊತ್ತಿಗೆ ಹನ್ನೆರಡು. ಮುನ್ನೂರು ವರ್ಷ ಹತ್ತಿರದ ಆಳ್ವಿಕೆಗೆ ಹನ್ನೆರಡು ಅಂದರೆ ಕಡಿಮೆಯೇ. ಅದಕ್ಕೂ ಹಿಂದಿನ ಮಿಂಗ್ ವಂಶದಲ್ಲಿ ದೊಡ್ಡ ರಾಜಕುಮಾರರ ಬಿರುದು ಹಿರಿಯ ಮಗನಿಗೆ ಹಾಗೇ ಇಳಿಯುತ್ತಿತ್ತು, ಉಳಿದ ಮಕ್ಕಳಿಗೂ ಸಂಬಳ ಸಿಗುತ್ತಿತ್ತು. ಕೊನೆಕೊನೆಗೆ ಆ ಸಂಬಳವೇ ಖಜಾನೆಗೆ ಭಾರವಾಯಿತು. ಪಕ್ಕದ ಮನೆಯ ಪಾಡು ನೋಡಿ ಕಲಿತ ಹಾಗಿದೆ ಚಿಂಗ್ ನಿಯಮ.

ನಾರ್ವೆಯವರದು ಇನ್ನೊಂದು ಬಗೆ, ಅದೂ ನನಗೆ ಇಷ್ಟ. 1814ರ ಸಂವಿಧಾನದಲ್ಲೇ ಹೊಸ ಕುಲೀನರನ್ನು ಮಾಡಬಾರದು ಅಂತ ಬರೆದರು. ಇದ್ದವರನ್ನು ಏನು ಮಾಡುವುದು? ಅಲ್ಲಿನ ಸಂಸತ್ತು ರದ್ದತಿ ಕಾನೂನನ್ನು 1815ರಲ್ಲಿ ಪಾಸು ಮಾಡಿತು, ರಾಜ ಒಪ್ಪಲಿಲ್ಲ. 1818ರಲ್ಲಿ ಮತ್ತೆ ಮಾಡಿತು, ಮತ್ತೆ ಒಪ್ಪಲಿಲ್ಲ. 1821ರಲ್ಲಿ ಮೂರನೇ ಸಲ ಮಾಡಿ ಗೆದ್ದಿತು. ಆದರೂ ಬದುಕಿದ್ದವರ ಬಿರುದನ್ನು ಅವರ ಕಣ್ಣೆದುರು ಕಿತ್ತುಕೊಳ್ಳಲಿಲ್ಲ. ಅವರು ಇರುವವರೆಗೂ ಇಟ್ಟುಕೊಳ್ಳಲಿ, ಮುಂದೆ ಹುಟ್ಟುವ ಮಕ್ಕಳಿಗೆ ಇಲ್ಲ ಅಂದರು. ಹಟವೂ ಇದೆ, ದಾಕ್ಷಿಣ್ಯವೂ ಇದೆ.

ಜಪಾನಿನಲ್ಲಿ 1884ರಲ್ಲಿ ಐದು ದರ್ಜೆಯ ಕುಲೀನ ವರ್ಗವನ್ನು ಹೊಸದಾಗಿ ಕಟ್ಟಿದರು. 1947ರ ಸಂವಿಧಾನ ಅದನ್ನು ತೆಗೆಯಿತು. ಆ ಸಂವಿಧಾನದ 14ನೇ ವಿಧಿಯನ್ನು ನಾನು ಅದೆಷ್ಟು ಸಲ ಓದಿದ್ದೇನೋ. ಕುಲೀನ ವರ್ಗಕ್ಕೆ ಮಾನ್ಯತೆ ಇಲ್ಲ, ಯಾವ ಗೌರವದ ಜೊತೆಗೂ ವಿಶೇಷ ಹಕ್ಕು ಬರುವುದಿಲ್ಲ, ಗೌರವ ಪಡೆದವರ ಜೀವಮಾನ ಮುಗಿದ ಮೇಲೆ ಆ ಗೌರವ ಊರ್ಜಿತ ಅಲ್ಲ ಅಂತ ಅದು ಹೇಳುತ್ತದೆ. ನನ್ನ ಖಾಲಿ ಆಸನದ ಪ್ರಶ್ನೆಗೆ ನೇರ ಉತ್ತರ ಅದು.

ಇನ್ನೊಂದು ಪ್ರಶ್ನೆ ನನಗೆ ತೋಚಿದ್ದೇ ತಡವಾಗಿ. ಬಿರುದು ಬೇಡ ಅನ್ನುವ ಹಕ್ಕು ಇರಬೇಕಲ್ವಾ? ಟೋನಿ ಬೆನ್ ಅನ್ನುವವರು ಬ್ರಿಟನ್ನಿನ ಕೆಳಮನೆಯ ಸದಸ್ಯರಾಗಿದ್ದರು. 1960ರಲ್ಲಿ ಅವರ ತಂದೆ ತೀರಿಕೊಂಡರು. ತಂದೆಗೆ ವೈಕೌಂಟ್ ಅನ್ನುವ ವಂಶಪಾರಂಪರ್ಯ ಬಿರುದಿತ್ತು. ಆ ಗಳಿಗೆಯಿಂದ ಮಗ ವೈಕೌಂಟ್. ವೈಕೌಂಟ್ ಆದವನು ಆಗ ಕೆಳಮನೆಯಲ್ಲಿ ಕೂರುವ ಹಾಗಿರಲಿಲ್ಲ. ಅಪ್ಪ ಹೋದ ದುಃಖದ ಜೊತೆಗೆ ತಾನು ಗೆದ್ದ ಸ್ಥಾನವೂ ಹೋಯಿತು. 1961ರ ಉಪಚುನಾವಣೆಯಲ್ಲಿ ನಿಂತರು. ಜನ ಗೆಲ್ಲಿಸಿದರು. ಆದರೂ ಒಳಗೆ ಬಿಡಲಿಲ್ಲ. ಸೋತ ಅಭ್ಯರ್ಥಿಗೇ ಆ ಸ್ಥಾನ ಕೊಟ್ಟರು. ಕೊನೆಗೆ 1963ರ ಜುಲೈ 31ರಂದು ಬಿರುದು ಬಿಟ್ಟುಕೊಡಬಹುದು ಅನ್ನುವ ಕಾನೂನು ಜಾರಿಗೆ ಬಂತು. ಬೆನ್ ಅದೇ ದಿನ ಬಿಟ್ಟುಕೊಟ್ಟರು. ಹುಟ್ಟಿನಿಂದ ಬರುವ ಗೌರವ ಒಬ್ಬ ಮನುಷ್ಯನ ಕೈಕಟ್ಟಿ ಹಾಕಬಹುದು ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಘಟನೆ ನಾನು ಓದಿಲ್ಲ. ನನ್ನ ರಾಜ್ಯದಲ್ಲಿ ಈಗ ಒಂದು ನಿಯಮ ಇದೆ. ದರ್ಬಾರಿನಲ್ಲಿ ಹೆಸರು ಕೂಗಿದಾಗ ಆ ವ್ಯಕ್ತಿ ಎದ್ದು ನಿಂತು "ಹೆಸರು ಸಾಕು" ಅಂದರೆ ಮುಗಿಯಿತು. ಯಾಕೆ ಅಂತ ರಾಜನೂ ಕೇಳುವ ಹಾಗಿಲ್ಲ.

ಹೆಂಗಸರ ವಿಷಯದಲ್ಲಿ ನನ್ನ ಹಳೇ ಪಟ್ಟಿ ನೋಡಿದರೆ ನನಗೇ ಬೇಜಾರಾಗುತ್ತದೆ. ಏಳು ಮೆಟ್ಟಿಲಿನಲ್ಲೂ ಗಂಡಸರೇ. ಹೆಂಗಸರಿಗೆ ಬಿರುದು ಬಂದರೆ ಗಂಡನಿಂದ ಬರಬೇಕು. ಹಾಗೆ ಬರೆಯುವಾಗ ನಾನು ಯೋಚನೆಯೇ ಮಾಡಿರಲಿಲ್ಲ, ಸುಮ್ನೆ ಕೈಗೆ ಬಂದದ್ದನ್ನು ಬರೆದಿದ್ದೆ. ಬ್ರಿಟನ್ನಿನಲ್ಲಿ ನೈಟ್ ಆದವನ ಹೆಂಡತಿಯನ್ನು ಲೇಡಿ ಅನ್ನುತ್ತಾರೆ. ಅದೇ ದರ್ಜೆಯ ಡೇಮ್ ಆದವಳ ಗಂಡನಿಗೆ ಯಾವ ಬಿರುದೂ ಇಲ್ಲ. ಅಲ್ಲಿನ ಮೇಲ್ಮನೆಗೆ ಹೆಂಗಸರು ಮೊದಲು ಕಾಲಿಟ್ಟದ್ದು 1958ರಲ್ಲಿ, ಜೀವಾವಧಿ ಬಿರುದಿನ ಕಾನೂನು ಬಂದ ಮೇಲೆ. ಸ್ಪೇನಿನಲ್ಲಿ ಕುಲೀನ ಬಿರುದು ಹಿರಿಯ ಮಗುವಿಗೆ, ಹೆಣ್ಣಾಗಲಿ ಗಂಡಾಗಲಿ, ಅಂತ ಕಾನೂನು ಬದಲಾದದ್ದು 2006ರಲ್ಲಿ. ಇಷ್ಟು ತಡ ಆದದ್ದು ಯಾಕೆ ಅಂತ ಕೇಳಿದರೆ ನನ್ನ ಪಟ್ಟಿಯೇ ಉತ್ತರ. ಬರೆಯುವವರು ಯೋಚಿಸದೆ ಬರೆದರು. ಬ್ರಿಟನ್ನಿನ 1958ರ ಕಾನೂನಿನಲ್ಲಿ ಇನ್ನೊಂದು ಅಂಶವೂ ಇದೆ. ಬಿರುದು ಒಂದು ಜೀವಮಾನಕ್ಕೆ ಅಂತಾದ ಕೂಡಲೇ ಹೆಣ್ಣಿಗೂ ಜಾಗ ಸಿಕ್ಕಿತು. ಬಿರುದು ವಂಶದ ಆಸ್ತಿ ಆಗಿರುವ ತನಕ ಅದು ಹೆಚ್ಚಾಗಿ ಗಂಡುಮಕ್ಕಳ ಸಾಲಿನಲ್ಲೇ ಸಾಗುತ್ತಿತ್ತು.

ಇಷ್ಟೆಲ್ಲ ಓದಿದ ಮೇಲೂ ಒಂದು ಕೊರತೆ ಉಳಿದಿತ್ತು. ಎಲ್ಲ ಕಡೆ ಏನು ಕೊಡಬೇಕು ಅಂತ ನಿರ್ಧರಿಸುವವನು ರಾಜ. ಪಡೆಯುವವನಿಗೆ ಏನು ಬೇಕು ಅಂತ ಯಾರೂ ಕೇಳಿದ ಹಾಗಿಲ್ಲ. ಆಗ ನೆನಪಾದದ್ದು ಆತಕೂರಿನ ಶಾಸನ. ಕ್ರಿ.ಶ. 949–50ರ ಕಲ್ಲು. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಮೂರನೇ ಕೃಷ್ಣ ಚೋಳರನ್ನು ಸೋಲಿಸಿದ. ಅವನ ಜೊತೆಗಿದ್ದ ಗಂಗರ ಬೂತುಗ ಚೋಳರ ರಾಜಾದಿತ್ಯನನ್ನು ಕೊಂದ. ಬೂತುಗನಿಗೆ ಬನವಾಸಿಯಂಥ ನಾಡುಗಳೇ ಬಹುಮಾನವಾಗಿ ಬಂದವು. ಅದೇ ಯುದ್ಧದಲ್ಲಿ ಹೋರಾಡಿದವನು ಮಣಲೇರ. ಒಡೆಯ ಮೆಚ್ಚಿ, ಏನು ಬೇಕೋ ಬೇಡಿಕೋ ಅಂದ. ಮಣಲೇರ ನಾಡು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಅನ್ನುವ ಬೇಟೆನಾಯಿಯನ್ನು ಕೇಳಿದ.

ಆಮೇಲೆ ಆ ನಾಯಿ ದೊಡ್ಡ ಹಂದಿಯೊಂದರ ಮೇಲೆ ಬಿತ್ತು. ಎರಡೂ ಅಲ್ಲೇ ಸತ್ತವು. ಮಣಲೇರ ನಾಯಿಗಾಗಿ ಕಲ್ಲು ನಿಲ್ಲಿಸಿದ, ಅದರ ಪೂಜೆ ನಡೆಯಲಿ ಅಂತ ಭೂಮಿ ಬಿಟ್ಟ. ಕಲ್ಲಿನ ಮೇಲೆ ಇವತ್ತಿಗೂ ನಾಯಿ ಮತ್ತು ಹಂದಿ ಎದುರುಬದುರಾಗಿ ನಿಂತಿವೆ. ಅದೇ ಕಲ್ಲಿನಲ್ಲಿ ರಾಜರ ಯುದ್ಧ, ನಾಡುಗಳ ದಾನ ಎಲ್ಲ ಇದೆ. ನನ್ನ ಕಣ್ಣು ಪ್ರತಿ ಸಲ ಹೋಗುವುದು ಆ ನಾಯಿಯ ಕಡೆಗೇ. ಒಬ್ಬ ಸೈನಿಕ ತನಗೆ ನಿಜವಾಗಿ ಬೇಕಾದದ್ದನ್ನು ಬಾಯಿಬಿಟ್ಟು ಕೇಳಿದ, ಅದು ಸಿಕ್ಕಿತು. ಸಾವಿರ ವರ್ಷದ ಮೇಲೂ ಅವನ ಹೆಸರು ಉಳಿದದ್ದು ಆ ಬೇಡಿಕೆಯಿಂದ.

ಇಷ್ಟಾದ ಮೇಲೆ ಹಳೇ ಏಳು ಮೆಟ್ಟಿಲಿನ ಹಾಳೆಯನ್ನು ಮಡಚಿ ನೋಟ್‌ಬುಕ್ಕಿನ ಹಿಂದೆ ಇಟ್ಟೆ. ಹೊಸದಾಗಿ ಬರೆದದ್ದು ಇಷ್ಟೇ. ಆ ರಾಜ್ಯದಲ್ಲಿ ಮೂವತ್ತು ಕಡಗಗಳಿವೆ. ಮೂವತ್ತೊಂದನೆಯದನ್ನು ಮಾಡಿಸುವ ಅಧಿಕಾರ ರಾಜನಿಗಿಲ್ಲ. ಕಡಗದ ಜೊತೆ ಭೂಮಿ ಬರುವುದಿಲ್ಲ, ಪದವಿ ಬರುವುದಿಲ್ಲ. ದರ್ಬಾರಿನಲ್ಲಿ ಒಂದು ಆಸನ ಬರುತ್ತದೆ, ಒಂದು ಬೇಡಿಕೆ ಬರುತ್ತದೆ. ನೆಲ ಮತ್ತು ಅಧಿಕಾರ ಬಿಟ್ಟು ಏನು ಬೇಕಾದರೂ ಕೇಳಬಹುದು. ದಂಡನಾಯಕ ಏನು ಕೇಳಿದ್ದ ಅಂತ ನಿರ್ಧರಿಸೋಕೆ ನನಗೆ ಮೂರು ವಾರ ಬೇಕಾಯಿತು. ಗಡಿಯ ಕೋಟೆಯಲ್ಲಿ ಒಂದು ಬಾವಿ ತೋಡಿಸಿ ಅಂತ ಕೇಳಿದ್ದ. ಅಲ್ಲಿ ಅವನ ಹುಡುಗರು ನೀರಿಗಾಗಿ ಬೆಟ್ಟ ಇಳಿಯಬೇಕಿತ್ತು.

ಪಡೆದವರ ಹೆಸರನ್ನು ಕಡಗದ ಹೊರಗಡೆ ಕೆತ್ತುವುದಿಲ್ಲ. ಒಳಮೈಯಲ್ಲಿ, ಚರ್ಮಕ್ಕೆ ತಾಗುವ ಕಡೆ ಕೆತ್ತುತ್ತಾರೆ. ತೊಟ್ಟವರಿಗೆ ಬಿಟ್ಟು ಬೇರೆಯವರಿಗೆ ಕಾಣುವುದಿಲ್ಲ. ತೀರಿಕೊಂಡ ಮೇಲೆ ಮನೆಯವರೊಬ್ಬರು ಅದನ್ನು ಅರಮನೆಗೆ ತರಬೇಕು. ಆ ದಿನ ರಾಜ ಕೂತಿರುವ ಹಾಗಿಲ್ಲ. ಕಡಗ ತಂದವರು ಹೊರಗೆ ಹೋಗುವ ತನಕ ನಿಂತೇ ಇರಬೇಕು.

ಆಮೇಲೆ ನಾಲ್ಕನೇ ಅಧ್ಯಾಯ ತಾನಾಗಿಯೇ ಶುರುವಾಯಿತು. ದರ್ಬಾರಿನಿಂದಲ್ಲ, ದಂಡನಾಯಕನ ಮನೆಯಿಂದ. ಹದಿನಾರನೇ ದಿನ ಬೆಳಿಗ್ಗೆ ಮಗಳು ಕಡಗವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟಳು. ತಮ್ಮ ಹೋಗುತ್ತೇನೆ ಅಂದಿದ್ದ, ಅಮ್ಮ ಬೇಡ ಅಂದಳು. ಅರಮನೆಯ ದಫ್ತರದಲ್ಲಿ ಗುಮಾಸ್ತ ಅದನ್ನು ತೆಗೆದುಕೊಂಡು ತಕ್ಕಡಿಗೆ ಹಾಕಿದ. ತೂಕ ಬರೆದುಕೊಂಡ. ಆಮೇಲೆ ಅವಳ ಕೈಗೇ ವಾಪಸ್ ಕೊಟ್ಟು, ಓದಿ ಅಮ್ಮ, ಓದಲೇಬೇಕು, ನಿಯಮ ಅದು ಅಂದ.

ಅವಳು ಕಿಟಕಿಯ ಬೆಳಕಿಗೆ ಹಿಡಿದು ಒಳಮೈ ನೋಡಿದಳು. ಅಪ್ಪನ ಕೈಯಲ್ಲಿ ಇಪ್ಪತ್ತೆರಡು ವರ್ಷ ಇದ್ದ ಕಡಗ. ಒಳಗೆ ಏನಿದೆ ಅಂತ ಅವಳು ಒಂದು ದಿನವೂ ನೋಡಿರಲಿಲ್ಲ. ಒಂಬತ್ತು ಹೆಸರುಗಳಿದ್ದವು. ಮೊದಲಿನ ಎರಡು ಸವೆದು ಸರಿಯಾಗಿ ಕಾಣುತ್ತಿರಲಿಲ್ಲ. ಐದನೆಯದು ಒಬ್ಬ ಹೆಂಗಸಿನದು. ಏಳನೆಯವನು ದೋಣಿ ನಡೆಸುವವನು, ಹೆಸರಿನ ಪಕ್ಕ ಒಂದು ಸಣ್ಣ ಹುಟ್ಟು ಕೆತ್ತಿದ್ದರು. ಒಂಬತ್ತನೆಯದು ಅಪ್ಪನದು. ಅವಳು ಒಂದೊಂದೇ ಹೆಸರನ್ನು ಗಟ್ಟಿಯಾಗಿ ಓದಿದಳು. ಗುಮಾಸ್ತ ಪುಸ್ತಕದಲ್ಲಿ ಒಂದೊಂದಕ್ಕೂ ಗುರುತು ಹಾಕುತ್ತಾ ಬಂದ. ಅಪ್ಪನ ಹೆಸರು ಬಂದಾಗ ಸ್ವಲ್ಪ ಹೊತ್ತು ನಿಲ್ಲಿಸಿದಳು, ಆಮೇಲೆ ಓದಿದಳು. ಅದರ ಕೆಳಗೆ ಬೆರಳಗಲದಷ್ಟು ಜಾಗ ಖಾಲಿ ಇತ್ತು. ಅವಳು ಅದರ ಮೇಲೆ ಹೆಬ್ಬೆರಳು ಇಟ್ಟು ನೋಡಿದಳು. ಲೋಹ ಇನ್ನೂ ನುಣ್ಣಗಿತ್ತು.